ಮಗನ ಸ್ಪೀಚ್ ಥೆರಪಿಗೆ ಸರ್ಕಾರದ ನೆರವು: ಯಾವ ಬಾಗಿಲನ್ನು ಮೊದಲು ತಟ್ಟಬೇಕು?

ಪ್ರಶ್ನೆ: ನಾವು ಜಗಳೂರು ತಾಲ್ಲೂಕಿನ ಹಳ್ಳಿಯವರು. ಮಗನಿಗೆ ನಾಲ್ಕೂವರೆ ವರ್ಷ. ಹತ್ತು ಹದಿನೈದು ಪದ ಬಿಟ್ಟರೆ ಮಾತಿಲ್ಲ. ಏನಾದರೂ ಬೇಕೆಂದರೆ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ದಾವಣಗೆರೆಯಲ್ಲಿ ಖಾಸಗಿಯಾಗಿ ಸ್ಪೀಚ್ ಥೆರಪಿ ಕೊಡಿಸುತ್ತಿದ್ದೇವೆ. ಒಂದು ಸಲಕ್ಕೆ 400 ರೂಪಾಯಿ, ವಾರಕ್ಕೆ ಎರಡು ಸಲ, ಬಸ್ಸಿನ ಖರ್ಚು ಬೇರೆ. ಮನೆಯವರದು ಗಾರೆ ಕೆಲಸ, ಬಿಪಿಎಲ್ ಕಾರ್ಡ್ ಇದೆ. ಅಂಗವಿಕಲರ ಕಾರ್ಡ್ ಮಾಡಿಸಿದರೆ ಥೆರಪಿಯ ಹಣವನ್ನು ಸರ್ಕಾರವೇ ಕೊಡುತ್ತದೆ ಎಂದು ಒಬ್ಬರು ಹೇಳಿದರು. ‘ಗಂಡು ಮಕ್ಕಳು ತಡವಾಗಿಯೇ ಮಾತಾಡುವುದು, ಕಾರ್ಡ್ ಮಾಡಿಸಿ ಹುಡುಗನ ಹೆಸರು ಕೆಡಿಸಬೇಡ’ ಎಂದು ಅತ್ತೆ ಬೈಯುತ್ತಾರೆ. ಎಷ್ಟು ಹಣ ಬರುತ್ತದೆ? ಎಲ್ಲಿ ಅರ್ಜಿ ಹಾಕಬೇಕು? ಅದು ಬರುವವರೆಗೆ ಈಗಿನ ಥೆರಪಿ ನಿಲ್ಲಿಸಬಹುದೇ?

ಉತ್ತರ: ತಾಯಿ, ನಿಮಗೆ ಸಿಕ್ಕ ಮಾಹಿತಿ ಅರ್ಧ ಸತ್ಯ. ‘ಸ್ಪೀಚ್ ಥೆರಪಿಗೆ ಇಷ್ಟು’ ಎಂದು ತಿಂಗಳು ತಿಂಗಳು ಖಾತೆಗೆ ಹಾಕುವ ಯೋಜನೆ ನಮ್ಮಲ್ಲಿಲ್ಲ. ಇರುವ ನೆರವು ಎರಡು ಬಗೆಯದು. ಥೆರಪಿಯನ್ನೇ ಉಚಿತವಾಗಿ ಇಲ್ಲವೇ ಅತಿ ಕಡಿಮೆ ಶುಲ್ಕಕ್ಕೆ ಕೊಡುವ ಸರ್ಕಾರಿ ಕೇಂದ್ರಗಳಿವೆ. ಅಲ್ಲಿಗೆ ಕಾರ್ಡ್ ಇಲ್ಲದೆಯೂ ಮಗುವನ್ನು ಕರೆದುಕೊಂಡು ಹೋಗಬಹುದು. ಇನ್ನೊಂದು, ಅಂಗವೈಕಲ್ಯದ ಹೆಸರಿನಲ್ಲಿ ಬರುವ ವಿಮೆ, ಮಾಸಾಶನ, ವಿದ್ಯಾರ್ಥಿವೇತನ, ಬಸ್ ಪಾಸ್ ಇತ್ಯಾದಿ. ಇವಕ್ಕೆ ಕಾರ್ಡ್ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಬಹಳಷ್ಟು ಮನೆಗಳಲ್ಲಿ ಕಾರ್ಡಿಗಾಗಿ ಕಾಯುತ್ತ ಕೂತು, ಕಾರ್ಡಿಲ್ಲದೆಯೂ ಸಿಗುತ್ತಿದ್ದ ಥೆರಪಿಯನ್ನು ಕಳೆದುಕೊಳ್ಳುತ್ತಾರೆ. ನಾಲ್ಕೂವರೆ ವರ್ಷದ ಮಗುವಿಗೆ ಆ ತಿಂಗಳುಗಳು ಬಹಳ ದುಬಾರಿ.

ಹಣದ ಲೆಕ್ಕಕ್ಕೆ ಬರುವ ಮೊದಲು ಒಂದು ಮಾತು. ಮಗನಿಗೆ ಮಾತು ಏಕೆ ಬಂದಿಲ್ಲ ಎಂದು ಯಾರಾದರೂ ಪರೀಕ್ಷಿಸಿ ಬರೆದುಕೊಟ್ಟಿದ್ದಾರೆಯೇ? ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ. ಥೆರಪಿ ಚೀಟಿಯ ಮೇಲೆ ‘ಮಾತಿನ ವಿಳಂಬ’ ಎಂದಷ್ಟೇ ಬರೆದಿರಬಹುದು. ಆ ಎರಡು ಪದಗಳ ಮೇಲೆ ಸರ್ಕಾರದಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅದರಲ್ಲಿ ‘ವಾಕ್ ಮತ್ತು ಭಾಷಾ ಅಂಗವೈಕಲ್ಯ’ವೂ ಇದೆ. ನಮ್ಮ ಮಗುವಿನದು ಇದೇ ಎಂದು ಬಹಳ ಜನ ಅದನ್ನೇ ಹಿಡಿದುಕೊಂಡು ಹೋಗುತ್ತಾರೆ. ಆದರೆ ಆ ಕಾಲಂ ಇರುವುದು ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರು, ಪಾರ್ಶ್ವವಾಯುವಿನಿಂದ ಮಾತು ಹೋದವರು, ಹೀಗೆ ದೇಹದ ಅಥವಾ ನರಗಳ ಕಾರಣದಿಂದ ಶಾಶ್ವತ ತೊಂದರೆ ಆದವರಿಗಾಗಿ. ಮಾತು ತಡವಾಗಿರುವ ಪುಟ್ಟ ಮಗುವನ್ನು, ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡಿನ ವೈದ್ಯರು ಸಾಮಾನ್ಯವಾಗಿ ಆ ಕಾಲಂನಲ್ಲಿ ಕೂರಿಸುವುದಿಲ್ಲ. ಮಾತನ್ನು ತಡೆದಿರುವುದು ಕಿವಿಯೋ, ಇತರರೊಡನೆ ಬೆರೆಯುವ ಮತ್ತು ಸಂವಹನದ ಬೆಳವಣಿಗೆಯೇ ಬೇರೆಯಾಗಿರುವ ಆಟಿಸಂ ಇದೆಯೋ, ಬುದ್ಧಿ ಬೆಳವಣಿಗೆಯೇ ಒಟ್ಟಾರೆ ನಿಧಾನವೋ, ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯೋ ಎಂದು ಹುಡುಕುತ್ತಾರೆ. ಮುಂದೆ ಯಾವ ಯೋಜನೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎನ್ನುವುದೆಲ್ಲ ಆ ಕಾರಣದ ಮೇಲೆ ನಿಂತಿದೆ.

ಆದ್ದರಿಂದ ಮೊದಲು ಕಿವಿ. ‘ಟಿವಿ ಹಾಕಿದರೆ ಓಡಿ ಬರುತ್ತಾನೆ, ಕಿವಿ ಚೆನ್ನಾಗಿಯೇ ಇದೆ’ ಎನ್ನಬೇಡಿ. ಕೆಲವು ಧ್ವನಿಗಳು ಕೇಳಿ ಕೆಲವು ಕೇಳದ ಮಕ್ಕಳೂ ಟಿವಿಗೆ ಓಡಿ ಬರುತ್ತಾರೆ. ಇಷ್ಟು ಚಿಕ್ಕ ಮಗು ಹೆಡ್‌ಫೋನ್ ಹಾಕಿಕೊಂಡು ಉತ್ತರ ಹೇಳುವುದಿಲ್ಲವಾದ್ದರಿಂದ ‘ಬೆರಾ’ ಎಂಬ ಪರೀಕ್ಷೆ ಮಾಡುತ್ತಾರೆ. ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಮಗು ನಿದ್ದೆಯಲ್ಲಿರುವಾಗ ಕಿವಿಗೆ ಶಬ್ದ ಕೊಟ್ಟು, ಅದು ಮೆದುಳಿಗೆ ತಲುಪುತ್ತಿದೆಯೇ ಎಂದು ನೋಡುತ್ತಾರೆ. ನೋವಿಲ್ಲ. ಆದರೆ ಮಗು ಮಲಗಲೇಬೇಕು. ಜಗಳೂರಿನಿಂದ ಬರುವವರು ಬಸ್ಸಿನಲ್ಲಿ ಮಗುವನ್ನು ಮಲಗಿಸಿಕೊಂಡು ಬರುತ್ತಾರೆ, ಪರೀಕ್ಷೆಯ ಹೊತ್ತಿಗೆ ಅದು ಕಣ್ಣರಳಿಸಿ ಕೂತಿರುತ್ತದೆ, ಇನ್ನೊಂದು ದಿನ ಬನ್ನಿ ಎನ್ನುತ್ತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯುದ್ದಕ್ಕೂ ಮಾತಾಡಿಸುತ್ತ ಎಚ್ಚರವಾಗಿಡಿ. ನಿದ್ದೆ ಬರುವ ಔಷಧ ಕೊಡುವುದಿದ್ದರೆ ವೈದ್ಯರೇ ಕೊಡುತ್ತಾರೆ, ನೀವಾಗಿ ಏನನ್ನೂ ಕುಡಿಸಬೇಡಿ.

ಇನ್ನು ಕೇಂದ್ರಗಳು. ದಾವಣಗೆರೆಯ ಮಟ್ಟಿಗೆ ನಿಮ್ಮ ಅದೃಷ್ಟ ಒಳ್ಳೆಯದು.

ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದಲ್ಲಿ ಡಿಇಐಸಿ, ಅಂದರೆ ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ ಎಲ್ಲಿ ಎಂದು ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಲು ಜಿಲ್ಲಾ ಮಟ್ಟದಲ್ಲಿ ಮಾಡಿರುವ ವ್ಯವಸ್ಥೆ ಇದು. ಮಕ್ಕಳ ವೈದ್ಯರು, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಕಡೆ ಸಿಗಬೇಕು ಎನ್ನುವುದು ಇದರ ಉದ್ದೇಶ. ತಪಾಸಣೆಯೂ ಥೆರಪಿಯೂ ಉಚಿತ. ಇದೇ ಕಾರ್ಯಕ್ರಮದ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ ಆ ತಂಡದ ಶಿಫಾರಸು ಚೀಟಿ ಪಡೆದುಕೊಂಡರೆ ಆಸ್ಪತ್ರೆಯಲ್ಲಿ ಒಂದು ಸಾಲು ಕಡಿಮೆಯಾಗುತ್ತದೆ. ಚೀಟಿ ಇಲ್ಲವೆಂದು ಮನೆಯಲ್ಲೇ ಕೂರಬೇಡಿ, ನೇರವಾಗಿಯೂ ಹೋಗಬಹುದು.

ಎರಡನೆಯದು ಸಿಆರ್‌ಸಿ, ಅಂದರೆ ಅಂಗವಿಕಲರ ಪುನರ್ವಸತಿಯ ಸಂಯುಕ್ತ ಪ್ರಾದೇಶಿಕ ಕೇಂದ್ರ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ್ದು, 2017ರಿಂದ ದಾವಣಗೆರೆಯಲ್ಲಿದೆ. ಇಂತಹ ಕೇಂದ್ರ ಎಲ್ಲ ಜಿಲ್ಲೆಗಳಲ್ಲಿಲ್ಲ; ಸುತ್ತಲಿನ ಜಿಲ್ಲೆಗಳವರೂ ಇಲ್ಲಿಗೇ ಬರುತ್ತಾರೆ. ವಾಕ್ ಮತ್ತು ಶ್ರವಣ, ವಿಶೇಷ ಶಿಕ್ಷಣ, ಮನಶ್ಶಾಸ್ತ್ರ, ಫಿಸಿಯೋಥೆರಪಿ ಎಲ್ಲವೂ ಒಂದೇ ಸೂರಿನಡಿ ಇವೆ. ಖಾಸಗಿ ಶುಲ್ಕದ ಮುಂದೆ ಅಲ್ಲಿನದು ಏನೂ ಅಲ್ಲ, ಬಿಪಿಎಲ್ ಕಾರ್ಡ್ ಮತ್ತು ಆದಾಯ ಪ್ರಮಾಣಪತ್ರ ಕೈಯಲ್ಲಿದ್ದರೆ ರಿಯಾಯಿತಿ ಕೇಳಿ. ವಿಳಾಸ ವಿಚಾರಿಸುವಾಗ ‘ಅಂಗವಿಕಲರ ಸಿಆರ್‌ಸಿ’ ಎಂದೇ ಹೇಳಿ. ಬರೀ ಸಿಆರ್‌ಸಿ ಎಂದರೆ ಶಾಲಾ ಶಿಕ್ಷಕರು ಕ್ಲಸ್ಟರ್ ಸಂಪನ್ಮೂಲ ಕೇಂದ್ರ ಎಂದುಕೊಂಡು ನಿಮ್ಮನ್ನು ಯಾವುದೋ ಸರ್ಕಾರಿ ಶಾಲೆಯ ಹಿಂಬದಿಯ ಕೋಣೆಗೆ ಕಳಿಸುತ್ತಾರೆ.

ಮೂರನೆಯದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1965ರಿಂದ ಇರುವ, ಈ ಕ್ಷೇತ್ರದಲ್ಲಿ ದೇಶದಲ್ಲೇ ದೊಡ್ಡ ಹೆಸರು. ನಿಮ್ಮ ಹಳ್ಳಿಯಿಂದ ವಾರಕ್ಕೆರಡು ಸಲ ಮೈಸೂರಿಗೆ ಹೋಗುವುದು ಆಗದ ಮಾತು, ಆ ಯೋಚನೆಯನ್ನೇ ಮಾಡಬೇಡಿ. ದಾವಣಗೆರೆಯಲ್ಲಿ ಕಾರಣ ಸ್ಪಷ್ಟವಾಗದಿದ್ದರೆ, ಅಥವಾ ಇಬ್ಬರು ತಜ್ಞರು ಎರಡು ಬಗೆ ಹೇಳಿದರೆ, ಒಮ್ಮೆ ಹೋಗಿ ಪೂರ್ತಿ ತಪಾಸಣೆ ಮಾಡಿಸಿಕೊಂಡು ಬನ್ನಿ. ದೂರದ ಊರಿನವರಿಗೆ ಮನೆಯಲ್ಲಿ ಏನು ಮಾಡಬೇಕೆಂದು ಕಲಿಸಿ ಕಳಿಸುತ್ತಾರೆ. ಮೊಬೈಲ್ ವಿಡಿಯೊ ಮೂಲಕ ಥೆರಪಿ ಮುಂದುವರಿಸುವ ವ್ಯವಸ್ಥೆಯೂ ಅಲ್ಲಿದೆ.

ಪರೀಕ್ಷೆಯಲ್ಲಿ ಕಿವಿಯ ದೋಷವೇ ಕಂಡುಬಂದರೆ ದಾರಿ ಬೇರೆಯಾಗುತ್ತದೆ. ಅಂಗವಿಕಲರಿಗೆ ಸಾಧನಗಳನ್ನು ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಶ್ರವಣ ಸಾಧನ ಸಿಗುತ್ತದೆ. ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ ಬೆಲೆ. ಸಾಧನದಿಂದ ಉಪಯೋಗವಾಗದಷ್ಟು ಕಿವುಡಿದ್ದರೆ, ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದಕ್ಕೆ ನೆರವಾಗುವ ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮ ಇರುವುದು ಆರು ವರ್ಷದೊಳಗಿನ ಮಕ್ಕಳಿಗಾಗಿ. ಹುಟ್ಟಿನಿಂದ ಕೇಳದ ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಬೇಗ ಆದಷ್ಟೂ ಮಾತು ಚೆನ್ನಾಗಿ ಬರುತ್ತದೆ, ತಡವಾದರೆ ಅಷ್ಟರಮಟ್ಟಿಗೆ ಫಲ ಕಡಿಮೆ. ಕಿವಿ ಪರೀಕ್ಷೆಯನ್ನು ಮುಂದೂಡಬೇಡಿ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಈಗ ಕಾರ್ಡಿನ ಮಾತು. ನೀವು ಹೇಳುವ ಅಂಗವಿಕಲರ ಕಾರ್ಡ್ ಎಂದರೆ ಯುಡಿಐಡಿ ಕಾರ್ಡ್. ಅದಕ್ಕೂ ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ನಿಮ್ಮೂರ ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಬಹುದು. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹುಡುಕುವುದು. ಕಚೇರಿ ಭಾಷೆಯಲ್ಲಿ ವಿಆರ್‌ಡಬ್ಲ್ಯು ಎನ್ನುತ್ತಾರೆ. ಅವರ ಮೇಲೆ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ. ಇವರು ಸ್ವತಃ ಅಂಗವಿಕಲರೇ ಆಗಿರುವುದರಿಂದ ಬೋರ್ಡ್ ಯಾವ ದಿನ ಕೂರುತ್ತದೆ, ಯಾವ ಕಾಗದ ಇಲ್ಲದಿದ್ದರೆ ವಾಪಸು ಕಳಿಸುತ್ತಾರೆ ಎಂಬುದನ್ನು ಅನುಭವದಿಂದ ಬಲ್ಲರು. ಸಣ್ಣ ಗೌರವಧನಕ್ಕೆ ದುಡಿಯುವ ಈ ಜನರ ಫೋನ್ ನಂಬರ್ ನಿಮ್ಮ ಬಳಿ ಇದ್ದರೆ ಅರ್ಧ ಕೆಲಸ ಆದಂತೆ. ಕಾರ್ಡಿಗೆ ಸರ್ಕಾರಿ ಶುಲ್ಕ ಇಲ್ಲ. ‘ಪರ್ಸೆಂಟೇಜ್ ಜಾಸ್ತಿ ಮಾಡಿಸಿಕೊಡುತ್ತೇನೆ, ಇಷ್ಟು ಕೊಡಿ’ ಎಂದು ಆಸ್ಪತ್ರೆಯ ಗೇಟಿನ ಬಳಿ ಗಂಟುಬೀಳುವವರಿಗೆ ಒಂದು ಟೀ ಕುಡಿಸುವ ಋಣವೂ ನಿಮಗಿಲ್ಲ.

ಜಗಳೂರಿನವರಿಗೆ ಚಿತ್ರದುರ್ಗವೂ ಒಗ್ಗಿದ ಊರು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೆ ಅದೇ ಜಿಲ್ಲಾ ಕೇಂದ್ರವಾಗಿತ್ತು. ಥೆರಪಿಗೆ ಎಲ್ಲಿಗೆ ಬೇಕಾದರೂ ಹೋಗಿ. ಪ್ರಮಾಣಪತ್ರದ ಅರ್ಜಿಯಲ್ಲಿ ಮಾತ್ರ ವಾಸದ ಜಿಲ್ಲೆ ದಾವಣಗೆರೆ ಎಂದೇ ಇರಲಿ, ಆಧಾರ್ ವಿಳಾಸವೂ ಅದಕ್ಕೆ ಹೊಂದಲಿ. ಮಗುವಿನ ಹೆಸರು ಜನನ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್ ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಈಗಲೇ ಇಟ್ಟು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರು! ವೈದ್ಯರು ನೋಡಿ ಒಪ್ಪಿದ ಅರ್ಜಿಗಳೂ ಈ ಇನಿಷಿಯಲ್‌ಗೆ ಸಿಕ್ಕಿ ತಿಂಗಳುಗಟ್ಟಲೆ ನರಳುತ್ತವೆ. ಇನ್ನು ಆರು ತಿಂಗಳಿಗೆ ಮಗನಿಗೆ ಐದು ತುಂಬುತ್ತದೆ. ಆಗ ಆಧಾರ್‌ಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಸೇರಿಸಬೇಕು, ಅದನ್ನೂ ಮರೆಯಬೇಡಿ.

ಬೋರ್ಡಿನ ದಿನ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ. ಆಟಿಸಂ ಇರಬಹುದು ಎಂದು ವೈದ್ಯರಿಗೆ ಅನ್ನಿಸಿದರೆ ‘ಇಸಾ’ ಎಂಬ ಭಾರತೀಯ ಅಳತೆಪಟ್ಟಿ ಹಿಡಿದು ಕೂರುತ್ತಾರೆ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಮಗುವನ್ನು ನೋಡುತ್ತಾರೆ, ನಿಮ್ಮನ್ನು ಕೇಳುತ್ತಾರೆ. ‘ಹೆಸರು ಕರೆದರೆ ತಿರುಗುತ್ತಾನಾ?’ ತಾಯಿ ತಕ್ಷಣ, ‘ಹೌದು ಸಾರ್, ತಿರುಗುತ್ತಾನೆ.’ ನಿಜವಾಗಿ ನಡೆಯುವುದು ಏನು? ನಾಲ್ಕು ಸಲ ಕೂಗಿ, ಐದನೆಯ ಸಲ ಬಿಸ್ಕತ್ ಪೊಟ್ಟಣ ಸದ್ದು ಮಾಡಿದಾಗ ತಿರುಗುತ್ತಾನೆ. ‘ಬೇರೆ ಮಕ್ಕಳ ಜೊತೆ ಆಡುತ್ತಾನಾ?’ ‘ಆಡುತ್ತಾನೆ ಸಾರ್.’ ನಿಜವಾಗಿ, ಅವರು ಆಡುವ ಜಾಗದಲ್ಲಿ ಒಂದು ಮೂಲೆಯಲ್ಲಿ ಕೂತು ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಾನೆ. ಹತ್ತು ಜನರ ಮುಂದೆ ಹೆತ್ತ ಮಗುವಿನ ಕೊರತೆ ಹೇಳಲು ಯಾವ ತಾಯಿಗೂ ನಾಲಿಗೆ ಬರುವುದಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ನೀವು ಮಗುವಿನ ಅತ್ಯುತ್ತಮ ದಿನವನ್ನು ಹೇಳಿದರೆ ಅಂಕವೂ ಆ ದಿನದ್ದೇ ಬೀಳುತ್ತದೆ. ಎಂದಿನ ದಿನವನ್ನು ಹೇಳಿ. ಉಬ್ಬಿಸಬೇಡಿ, ಮುಚ್ಚಿಡಲೂಬೇಡಿ. ಮನೆಯಲ್ಲಿ ಊಟದ ಹೊತ್ತು, ಆಟದ ಹೊತ್ತು, ಹಟ ಮಾಡುವ ಹೊತ್ತು, ಕೈ ಹಿಡಿದು ಎಳೆಯುವುದು, ಇವನ್ನು ಒಂದೆರಡು ನಿಮಿಷದ ವಿಡಿಯೊ ಮಾಡಿ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅಪರಿಚಿತ ಕೋಣೆಯಲ್ಲಿ ಮಗು ಹತ್ತು ನಿಮಿಷ ಹೇಗಿರುತ್ತದೆ ಎನ್ನುವುದಕ್ಕಿಂತ ಆ ವಿಡಿಯೊ ಹೆಚ್ಚು ಹೇಳುತ್ತದೆ. ಈಗಿನ ಥೆರಪಿಸ್ಟ್‌ರಿಂದ ಒಂದು ಪುಟದ ವರದಿ, ಬೆರಾ ವರದಿ, ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಹುಟ್ಟಿದಾಗ ಮಗು ತಡವಾಗಿ ಅತ್ತಿದ್ದರೆ, ಪೆಟ್ಟಿಗೆಯಲ್ಲಿ ಇಟ್ಟಿದ್ದರೆ, ಕಾಮಾಲೆ ಹೆಚ್ಚಾಗಿತ್ತೆಂದರೆ ಅದನ್ನು ಮರೆಯದೆ ಹೇಳಿ.

ವೈದ್ಯರಿಗೆ ಇದು ಒಟ್ಟಾರೆ ಬೆಳವಣಿಗೆಯ ವಿಳಂಬ ಎಂದು ಕಂಡರೆ, ಐದು ವರ್ಷದೊಳಗಿನ ಮಗುವಿಗೆ ಬೌದ್ಧಿಕ ಅಂಗವೈಕಲ್ಯ ಎಂದು ಅಂತಿಮ ಮುದ್ರೆ ಒತ್ತುವಂತಿಲ್ಲ. ಬೆಳವಣಿಗೆಯ ವಿಳಂಬ ಎಂದೇ ಬರೆದು, ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು, ಐದು ದಾಟಿದ ಮೇಲೆ ಮತ್ತೆ ನೋಡುತ್ತಾರೆ. ಪ್ರಮಾಣಪತ್ರದಲ್ಲಿ ಶೇಕಡಾವಾರು ಎಷ್ಟಿದೆ ಎನ್ನುವುದು ಮುಖ್ಯ. ಹೆಚ್ಚಿನ ಸೌಲಭ್ಯಗಳ ಗಡಿ ಶೇ. 40. ಈಗಿನ ಕಾರ್ಡಿನ ಬಣ್ಣವೇ ಅದನ್ನು ಹೇಳುತ್ತದೆ: 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ತೀರ್ಮಾನ ಸರಿಯಲ್ಲ ಎನ್ನಿಸಿದರೆ ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಟ್ಟಿದೆ. ಬೋರ್ಡಿನ ಕೋಣೆಯಲ್ಲೇ ವಾದ ಮಾಡಿ ಪ್ರಯೋಜನವಿಲ್ಲ.

ಕಾರ್ಡ್ ಕೈಗೆ ಬಂದ ಮೇಲೆ, ಥೆರಪಿಯ ಖರ್ಚಿಗೇ ನೇರವಾಗಿ ಹಣ ಕೊಡುವುದು ಒಂದೇ ಒಂದು ಯೋಜನೆ: ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ ಅನ್ವಯ. ಬರೀ ಕಿವಿಯ ದೋಷ ಅಥವಾ ಬರೀ ಮಾತಿನ ತೊಂದರೆ ಎಂದು ಪ್ರಮಾಣಪತ್ರದಲ್ಲಿದ್ದರೆ ಇದು ಸಿಗುವುದಿಲ್ಲ. ಕಾರಣ ಪತ್ತೆಯಾಗಬೇಕು ಎಂದು ಆಗಲೇ ಹೇಳಿದ್ದು ಇಲ್ಲಿಗೆ ಬಂದು ತಾಗುತ್ತದೆ. ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಮುಂಚಿತ ವೈದ್ಯಕೀಯ ಪರೀಕ್ಷೆಯ ಗೋಜಿಲ್ಲ, ಆಸ್ಪತ್ರೆಗೆ ಸೇರಲೇಬೇಕೆಂದಿಲ್ಲ. ಬಿಪಿಎಲ್ ಕುಟುಂಬಕ್ಕೆ ನೋಂದಣಿ ಶುಲ್ಕ 250 ರೂಪಾಯಿ, ಪ್ರತಿ ವರ್ಷ ನವೀಕರಣಕ್ಕೆ 50. ಆದರೆ ಆ ಒಂದು ಲಕ್ಷವನ್ನು ಶಸ್ತ್ರಚಿಕಿತ್ಸೆ, ಹೊರರೋಗಿ ಚಿಕಿತ್ಸೆ, ಥೆರಪಿ, ಪ್ರಯಾಣ ಎಂದು ತುಂಡು ತುಂಡಾಗಿ ಹಂಚಲಾಗಿದೆ. ಥೆರಪಿಗೆ ಸಿಗುವುದು ಅದರಲ್ಲಿ ಒಂದು ಸಣ್ಣ ತುಂಡು. ನಿಮ್ಮ ಈಗಿನ ಖರ್ಚು ವಾರಕ್ಕೆ 800, ತಿಂಗಳಿಗೆ 3,200, ವರ್ಷಕ್ಕೆ ಹತ್ತಿರಹತ್ತಿರ 40,000. ಅಷ್ಟನ್ನೂ ನಿರಾಮಯ ತುಂಬಿಕೊಡುವುದಿಲ್ಲ. ಒಂದು ಭಾಗ ವಾಪಸು ಬಂದರೂ ನಿಮ್ಮಂಥ ಮನೆಗೆ ಅದು ದೊಡ್ಡದೇ.

ಇದರ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಫೆಬ್ರುವರಿಯಲ್ಲಿ ಸೇರಿದರೂ ಮಾರ್ಚ್ 31ಕ್ಕೆ ಮುಗಿಯುತ್ತದೆ, ನೆನಪಿರಲಿ. ನೋಂದಣಿ ನಡೆಯುವುದು ರಾಷ್ಟ್ರೀಯ ನ್ಯಾಸದಲ್ಲಿ ನೋಂದಾಯಿತವಾದ ಸಂಸ್ಥೆಗಳ ಮೂಲಕ. ನಿಮ್ಮ ಜಿಲ್ಲೆಯಲ್ಲಿ ಅವು ಯಾವುವು ಎಂದು ಸಿಆರ್‌ಸಿಯಲ್ಲೋ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲೋ ಹೇಳುತ್ತಾರೆ.

ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ಲು ಕೊಟ್ಟು ಹಣ ವಾಪಸು ಪಡೆಯಬೇಕು. ತಕರಾರು ಬರುವುದು ಈ ಬಿಲ್ಲಿನಲ್ಲೇ. ಲೆಟರ್‌ಪ್ಯಾಡಿನ ಮೇಲೆ ‘ಥೆರಪಿ 3,200, ಸಂದಿದೆ’ ಎಂದು ಗೀಚಿಕೊಟ್ಟ ಚೀಟಿ ಕಸಕ್ಕೆ ಸಮ. ಮಗುವಿನ ಹೆಸರು ಕಾರ್ಡಿನಲ್ಲಿರುವ ಹಾಗೆಯೇ, ಯಾವ ಯಾವ ದಿನಾಂಕ ಥೆರಪಿ ಆಯಿತು, ಒಂದಕ್ಕೆ ಎಷ್ಟು, ರಸೀದಿ ಸಂಖ್ಯೆ, ಸಹಿ, ಮೊಹರು ಇರಬೇಕು. ಮಗುವಿಗೆ ಥೆರಪಿ ಅಗತ್ಯ ಎಂದು ವೈದ್ಯರು ಬರೆದ ಚೀಟಿಯೂ ಜೊತೆಗಿರಬೇಕು. ಥೆರಪಿಸ್ಟ್ ಅವರ ಆರ್‌ಸಿಐ ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಕಾಣಬೇಕು. ಭಾರತೀಯ ಪುನರ್ವಾಸ ಪರಿಷತ್ತಿನ ಈ ಸಂಖ್ಯೆ ಇಲ್ಲದೆ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಗೋಡೆಗೆ ತೂಗುಹಾಕಿ ಮಾತು ಕಲಿಸುತ್ತೇವೆ ಎಂದು ಕೂತವರೂ ಇದ್ದಾರೆ. ನಿಮ್ಮವರನ್ನು ಸಂಕೋಚವಿಲ್ಲದೆ ಕೇಳಿ. ನಿಜವಾದ ವಾಕ್ ತಜ್ಞರಿಗೆ ಆ ಸಂಖ್ಯೆ ಬಾಯಿಪಾಠವಾಗಿರುತ್ತದೆ, ಬೇಸರವಂತೂ ಆಗುವುದಿಲ್ಲ. ಬಿಲ್ಲುಗಳನ್ನು ವರ್ಷದ ಕೊನೆಗೆಂದು ಕೂಡಿಡದೆ ಆಯಾ ತಿಂಗಳೇ ಕಳಿಸಿ.

ಆಯುಷ್ಮಾನ್ ಕಾರ್ಡ್ ತೋರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ವಾರವಾರದ ಥೆರಪಿ ಅದರಲ್ಲಿಲ್ಲ.

ಶೇ. 40 ದಾಟಿದರೆ ಮಾಸಾಶನವಿದೆ. ಅರ್ಜಿ ನಾಡಕಚೇರಿಯಲ್ಲಿ. ಶೇ. 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಹೆಚ್ಚಿದ್ದರೆ 1,400. ಕುಟುಂಬದ ಆದಾಯ ಪ್ರಮಾಣಪತ್ರ ನೋಡಿಯೇ ಮಂಜೂರು ಮಾಡುತ್ತಾರೆ. ಇದು ಥೆರಪಿಗೆಂದೇ ಕೊಡುವ ಹಣವಲ್ಲ, ಹೇಗೆ ಬೇಕಾದರೂ ಬಳಸಬಹುದು. ವರ್ಷಕ್ಕೆ 9,600 ಎಂದರೆ ನಿಮ್ಮ ಲೆಕ್ಕದಲ್ಲಿ 24 ಥೆರಪಿಗಳ ಹಣ. ಪಂಚಾಯಿತಿಯದು ಇನ್ನೊಂದಿದೆ, ಯಾರೂ ತಾವಾಗಿ ಹೇಳುವುದಿಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಆದಾಯದ ಶೇ. 5ನ್ನು ಅಂಗವಿಕಲರಿಗಾಗಿಯೇ ತೆಗೆದಿಡಬೇಕು. ಸಣ್ಣ ಪಂಚಾಯಿತಿಯಲ್ಲಿ ಆ ಮೊತ್ತ ದೊಡ್ಡದಿರುವುದಿಲ್ಲ, ಆದರೂ ಮಗುವಿನ ವೈದ್ಯಕೀಯ ನೆರವಿಗೆ ಎಂದು ಅಭಿವೃದ್ಧಿ ಅಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಾರ್ಚ್ ತಿಂಗಳಲ್ಲಿ ಗಡಿಬಿಡಿಯಿಂದ ಯಾವುದೋ ಸಾಮಗ್ರಿ ಕೊಂಡು ಲೆಕ್ಕ ಮುಗಿಸುವ ಹಣ ಅದು. ಮೊದಲೇ ಕೇಳಿದವರಿಗೆ ದಕ್ಕುತ್ತದೆ.

ಬಸ್ಸಿನ ವಿಚಾರ. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ಇಲ್ಲ. ಮಗ ಇನ್ನೂ ಆರರೊಳಗೆ ಇದ್ದಾನೆ, ಅವನಿಗೂ ಇಲ್ಲ. ನಿಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು ಓಡಾಡುತ್ತವೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. ಥೆರಪಿಯ ಸಮಯವನ್ನು ಸರ್ಕಾರಿ ಬಸ್ಸಿನ ಸಮಯಕ್ಕೆ ಹೊಂದಿಸಿ ಕೊಡಲು ಕೇಂದ್ರದಲ್ಲಿ ಕೇಳಿದರೆ ಹೆಚ್ಚಿನ ಕಡೆ ಒಪ್ಪುತ್ತಾರೆ. ಮಗ ದೊಡ್ಡವನಾದ ಮೇಲೆ ಅಂಗವಿಕಲರ ರಿಯಾಯಿತಿ ಪಾಸ್ ಇದ್ದೇ ಇದೆ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಯಲ್ಲಿ ಓಡಾಡಬಹುದು.

ಶಾಲೆಗೆ ಸೇರಿಸುವಾಗ ಮುಖ್ಯ ಶಿಕ್ಷಕರಿಗೆ ವಿಷಯ ಮುಚ್ಚಿಡಬೇಡಿ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದು ತಲಾ ಲೆಕ್ಕದಲ್ಲಿ ಅನುದಾನವಿದೆ. ಅದು ನಿಮ್ಮ ಕೈಗೆ ಬರುವ ಹಣವಲ್ಲ. ಈ ಮಕ್ಕಳಿಗೆಂದೇ ಇರುವ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ಮೂಲಕ ತಪಾಸಣಾ ಶಿಬಿರ, ಸಾಧನ, ಕಲಿಕಾ ಸಾಮಗ್ರಿಯಾಗಿ ಬರುತ್ತದೆ. ಆದರೆ ಮಗುವಿನ ಹೆಸರು ಅವರ ಪಟ್ಟಿಯಲ್ಲಿರಬೇಕು. ಒಂದನೇ ತರಗತಿ ಸೇರಿದ ಮೇಲೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅಂಗವಿಕಲ ವಿದ್ಯಾರ್ಥಿಗಳ ವೇತನಕ್ಕೂ ಅರ್ಜಿ ಹಾಕಿಸಿ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಂಡು ಮಕ್ಕಳು ಸರಾಸರಿಯಲ್ಲಿ ಹೆಣ್ಣು ಮಕ್ಕಳಿಗಿಂತ ಸ್ವಲ್ಪ ತಡವಾಗಿ ಮಾತು ಶುರುಮಾಡುವುದು ನಿಜ. ಆ ‘ಸ್ವಲ್ಪ’ ಎಂದರೆ ಕೆಲವು ತಿಂಗಳು. ಎರಡು ವರ್ಷಕ್ಕೆ ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಬೇಕಾದ ಮಗು ನಾಲ್ಕೂವರೆಗೆ ಹತ್ತು ಹದಿನೈದು ಪದದಲ್ಲಿ ನಿಂತಿದ್ದರೆ ಅದು ಗಂಡು ಹೆಣ್ಣಿನ ಲೆಕ್ಕಕ್ಕೆ ಬರುವುದಿಲ್ಲ. ಹೆಸರು ಕೆಡುವ ಭಯಕ್ಕೆ ನನ್ನ ಉತ್ತರ ಇಷ್ಟೇ: ಈ ವಯಸ್ಸಿನ ಪ್ರಮಾಣಪತ್ರ ತಾತ್ಕಾಲಿಕ, ಮಗ ಸುಧಾರಿಸಿದರೆ ಮುಂದಿನ ತಪಾಸಣೆಯಲ್ಲಿ ಅದು ಕಾಣುತ್ತದೆ, ನವೀಕರಿಸದೆಯೂ ಬಿಡಬಹುದು. ಕಾರ್ಡ್ ನಿಮ್ಮ ಟ್ರಂಕಿನಲ್ಲಿರುತ್ತದೆ, ಊರ ಬಾಗಿಲಿಗೆ ಅಂಟಿಸುವ ನೋಟಿಸಲ್ಲ. ಊರವರು ಆಡಿಕೊಳ್ಳುವುದು ಹುಡುಗ ಮಾತಾಡದಿರುವುದನ್ನು ನೋಡಿ. ಟ್ರಂಕಿನಲ್ಲಿರುವ ಕಾರ್ಡ್ ನೋಡಿ ಅಲ್ಲ. ಒಂದು ಸಲ ಅತ್ತೆಯವರನ್ನೇ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಹಗಲೆಲ್ಲ ಮಗುವಿನ ಜೊತೆ ಇರುವವರು ಅವರೇ ಆದರೆ, ಮನೆಯ ಥೆರಪಿಯನ್ನು ನಡೆಸಬೇಕಾದವರೂ ಅವರೇ.

ಕೊನೆಯ ಪ್ರಶ್ನೆ, ಈಗಿನ ಥೆರಪಿ ನಿಲ್ಲಿಸಬಹುದೇ. ಡಿಇಐಸಿಯಲ್ಲೋ ಸಿಆರ್‌ಸಿಯಲ್ಲೋ ವಾರದ ದಿನ ಗೊತ್ತಾಗಿ, ಮಗು ಅಲ್ಲಿನವರಿಗೆ ಒಗ್ಗುವವರೆಗೆ ನಿಲ್ಲಿಸಬೇಡಿ. ಕೈ ಕಟ್ಟಿದ್ದರೆ ವಾರಕ್ಕೆ ಎರಡರ ಬದಲು ಒಂದು ಮಾಡಿಕೊಳ್ಳಿ. ಆ ಒಂದರಲ್ಲಿ ನೀವು ಹೊರಗಿನ ಬೆಂಚಿನ ಮೇಲೆ ಕೂರದೆ ಒಳಗೆ ಕೂರಬೇಕು. ಮುಚ್ಚಿದ ಬಾಗಿಲ ಹಿಂದೆ ನಲವತ್ತು ನಿಮಿಷ ನಡೆದದ್ದು ಮನೆಗೆ ಬರದಿದ್ದರೆ 400 ರೂಪಾಯಿ ಅಲ್ಲೇ ಉಳಿಯುತ್ತದೆ. ಈ ವಾರ ಯಾವ ಎರಡು ಪದ, ಯಾವ ಆಟ, ಅವನು ಕೈ ಎಳೆದಾಗ ನಾನು ಏನು ಹೇಳಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿ ಬರೆದುಕೊಳ್ಳಿ. ಬಾಗಿಲು ಮುಚ್ಚಿಯೇ ಮಾಡುತ್ತೇವೆ, ತಾಯಂದಿರು ಒಳಗೆ ಬರಬಾರದು ಎಂದು ಹಟ ಹಿಡಿಯುವವರಾದರೆ, ಅವರ ಬಳಿ ಥೆರಪಿ ನಿಲ್ಲಿಸಲು ನಿಮಗೆ ಹಣಕ್ಕಿಂತ ಒಳ್ಳೆಯ ಕಾರಣ ಸಿಕ್ಕಿತು.